ಜ್ವರಕ್ಕೆ ನೀಲಿ ಬಣ್ಣ

ನಮ್ಮ ವಿದ್ಯಾರ್ಥಿಗಳ ಗೋಡೆ ಪತ್ರಿಕೆಗೆ ಆ ಸಲ ‘ಜ್ವರ’ ಅನ್ನೋ ವಿಷಯ ಕೊಟ್ಟವಳು ನಾನೇ. ಮಳೆ, ಅಮ್ಮ, ಸ್ನೇಹ ಓದಿ ಓದಿ ಸಾಕಾಗಿತ್ತು. ಜ್ವರ ಎಲ್ಲರಿಗೂ ಬಂದೇ ಇರುತ್ತದೆ, ತಮ್ಮದೇ ಅಂತ ಏನಾದರೂ ಬರೆಯುತ್ತಾರೆ ಅಂದುಕೊಂಡೆ.

ಬಂದಿದ್ದು ಬರೀ ಬೆಂಕಿ. ಹದಿನೇಳು ಕವಿತೆಗಳಲ್ಲಿ ಹನ್ನೊಂದರಲ್ಲಿ ಮೈ ಕೆಂಡವಾಗಿತ್ತು, ಉಸಿರು ಜ್ವಾಲೆಯಾಗಿತ್ತು. ಉಳಿದವರಲ್ಲಿ ಹೆಚ್ಚಿನವರು ಪ್ರೀತಿಯನ್ನೇ ಜ್ವರ ಅಂದಿದ್ದರು. ಚಿತ್ರಗಳೂ ಅಷ್ಟೇ. ಕೆಂಪು ಮುಖ, ಕಿತ್ತಳೆ ಗೋಡೆ, ಬಾಯಲ್ಲಿ ಥರ್ಮಾಮೀಟರ್. ಒಬ್ಬ ಹುಡುಗ ಮಾತ್ರ ಥರ್ಮಾಮೀಟರಿನ ಕಡೆಯಿಂದ ಬರೆದಿದ್ದ. ದಿನಾ ಯಾರ್‍ಯಾರದೋ ನಾಲಿಗೆ ಕೆಳಗೆ ಮಲಗಬೇಕಾದ ಅದರ ಗೋಳು. ಓದಿ ಜೋರಾಗಿ ನಕ್ಕಿದ್ದೆ.

ಒಂದು ಚಿತ್ರ ಪೂರ್ತಿ ನೀಲಿ. ಹಾಳೆಯ ಮುಕ್ಕಾಲು ಭಾಗ ಒಂದು ದಿಂಬು. ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಬಾಗಿಲು. ದಿಂಬಿನ ಅಂಚಿನಲ್ಲಿ ಎರಡು ಹೊದಿಕೆ ಸುತ್ತಿಕೊಂಡ ಮಗು, ಮುಖ ಕಾಣುವುದಿಲ್ಲ. “ಚೆನ್ನಾಗಿದೆ. ಆದರೆ ಜ್ವರ ಎಲ್ಲಿದೆಯಮ್ಮಾ?” ಅಂತ ಕೇಳಿದೆ. ಆ ಹುಡುಗಿ ಏನೂ ಹೇಳಲಿಲ್ಲ. ನಾನು ಅದನ್ನು ‘ಜಾಗ ಉಳಿದರೆ’ ಅನ್ನೋ ಕಟ್ಟಿಗೆ ಸೇರಿಸಿಟ್ಟೆ.

ಸೋಮವಾರ ಪತ್ರಿಕೆ ಗೋಡೆಗೆ ಹೋಗಬೇಕಿತ್ತು. ಶನಿವಾರ ಸಂಜೆ ನನಗೇ ಜ್ವರ ಬಂತು.

ಮುಟ್ಟಿದವರಿಗೆ ಮೈ ಸುಡುತ್ತಿತ್ತು. ನನಗೋ ಹಲ್ಲು ಕಟಕಟ ಅನ್ನುವಷ್ಟು ಚಳಿ. ಪಾಠದಲ್ಲಿ ಓದಿ ಮರೆತಿದ್ದು ಆಗ ನೆನಪಾಯಿತು. ಮೆದುಳಿನ ಹೈಪೋಥಲಮಸ್ ನಮ್ಮ ಮೈ ಎಷ್ಟು ಬಿಸಿ ಇರಬೇಕು ಅನ್ನೋದನ್ನು ಕಾಯುತ್ತದೆ. ಸೋಂಕು ತಗುಲಿದಾಗ ಆ ಗುರಿಯನ್ನೇ ಅದು ಮೇಲಕ್ಕೆ ಏರಿಸಿಬಿಡುತ್ತದೆ. ಗುರಿ 103 ಡಿಗ್ರಿಗೆ ಏರಿ, ಮೈ ಇನ್ನೂ 101ರಲ್ಲೇ ಇದ್ದರೆ, ಒಳಗಿನವರಿಗೆ ಅದು ಚಳಿಯೇ. ಅದಕ್ಕೇ ನಡುಕ, ನಡುಗಿ ನಡುಗಿ ಬಿಸಿ ಹುಟ್ಟಿಸಿಕೊಳ್ಳೋದು. ಬೆವರು ಬರೋದು ಗುರಿ ಕೆಳಗಿಳಿದ ಮೇಲೆ. ನನ್ನ ಹನ್ನೊಂದು ಕವಿಗಳೂ ಹಣೆ ಮುಟ್ಟಿ ನೋಡಿದವರು, ಹೊದಿಕೆ ಒಳಗೆ ಇದ್ದವರಲ್ಲ ಅಂತ ಮಲಗಿದಲ್ಲೇ ತೀರ್ಪು ಕೊಟ್ಟೆ.

ರಾತ್ರಿ ಎಷ್ಟೋ ಹೊತ್ತಿಗೆ ಕಣ್ಣು ಬಿಟ್ಟೆ. ಬಾಗಿಲು ದೂರ ಇತ್ತು. ತುಂಬಾ ದೂರ, ಚಿಕ್ಕದಾಗಿ. ಬೆರಳುಗಳು ದಿಂಬಿನಷ್ಟು ದಪ್ಪ ಅನ್ನಿಸಿದವು. ಜ್ವರದಲ್ಲಿ ಕೆಲವರಿಗೆ ಹೀಗಾಗುತ್ತದೆ, ಮಕ್ಕಳಿಗೆ ಜಾಸ್ತಿ. ವಸ್ತುಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಆ ನೀಲಿ ಹಾಳೆ ತಟ್ಟನೆ ನೆನಪಾಗಿ ನಾಚಿಕೆಯಾಯಿತು.

ನಾಚಿಕೆಯ ಜೊತೆಗೇ ಒಂದು ಮಹಾ ಮುನ್ನುಡಿಯೂ ಹೊಳೆಯಿತು! ಎದ್ದು ಕೂತು ಬರೆದೆ. ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿತ್ತು. ಜೀವವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್‌ಗೆ 1858ರಲ್ಲಿ ಜ್ವರದಿಂದ ಮಲಗಿದ್ದಾಗಲೇ ನಿಸರ್ಗದ ಆಯ್ಕೆಯ, ಅಂದರೆ ಪರಿಸರಕ್ಕೆ ಹೊಂದಿಕೊಂಡ ಜೀವಿಗಳೇ ಹೆಚ್ಚಾಗಿ ಉಳಿಯುತ್ತವೆ ಅನ್ನೋ ವಿಚಾರ ಹೊಳೆಯಿತಲ್ಲ, ಹಾಗೆ ನನಗೂ ಅಂದುಕೊಂಡೆ. ಬೆಳಿಗ್ಗೆ ಓದಿದರೆ ಎರಡು ಪುಟದಲ್ಲಿ ‘ಗೋಡೆಗೆ ಗೊತ್ತು’ ಅಂತ ಒಂಬತ್ತು ಸಲ ಬರೆದಿದ್ದೆ. ಏನು ಗೊತ್ತು ಅಂತ ಒಂದು ಸಲವೂ ಇಲ್ಲ. ವಾಲೇಸ್ ವರ್ಷಗಟ್ಟಲೆ ಜೀವಜಾತಿಗಳು ಹೇಗೆ ಬದಲಾಗುತ್ತವೆ ಅನ್ನೋ ಪ್ರಶ್ನೆಯ ಹಿಂದೆ ಬಿದ್ದಿದ್ದ. ಮೇಲಾಗಿ ಅವನು ಪೆನ್ನು ಹಿಡಿದದ್ದು ಜ್ವರದ ನಡುಕ ನಿಂತ ಮೇಲೆ. ಅದನ್ನು ನಾನು ಸುಮ್ನೆ ಮರೆತಿದ್ದೆ.

ಪತ್ರಿಕೆ ಎರಡು ದಿನ ತಡವಾಯಿತು. ಹೋದ ಕೂಡಲೇ ಆ ಹುಡುಗಿಯನ್ನು ಕರೆದೆ. ಜ್ವರ ಬಂದಾಗ ನಿನಗೂ ಬಾಗಿಲು ಹೀಗೇ ಕಂಡಿತ್ತಾ ಅಂತ ಕೇಳಿದೆ.

“ಇಲ್ಲ ಮೇಡಂ. ನನಗೆ ಅಷ್ಟು ಜೋರು ಜ್ವರ ಯಾವತ್ತೂ ಬಂದಿಲ್ಲ. ನನ್ನ ತಮ್ಮನಿಗೆ ಬಂದಿತ್ತು. ನಾನು ಪಕ್ಕದಲ್ಲಿ ಕೂತಿದ್ದೆ.”

ಹಾಸಿಗೆ ಮೇಲೆ ಕೊಟ್ಟ ನನ್ನ ತೀರ್ಪು ಅಲ್ಲಿಗೆ ಬಿದ್ದು ಹೋಯಿತು. ಇವಳೂ ಹೊರಗಿನವಳೇ ಅಲ್ವಾ? ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಕೂಡ ಒಮ್ಮೆ ಹಾಸಿಗೆಯ ಹೊರಗಿನವನೇ ಆಗಿದ್ದ. ಅವನ ಅಕ್ಕ ಸೋಫಿ 1877ರಲ್ಲಿ ಕ್ಷಯದಿಂದ ತೀರಿಕೊಂಡಳು. ದೊಡ್ಡ ದಿಂಬಿಗೆ ಒರಗಿದ ಕಾಯಿಲೆಯ ಹುಡುಗಿಯನ್ನು ಅವನು 1885ರಲ್ಲಿ ಬಿಡಿಸಲು ಶುರು ಮಾಡಿ, ನಲವತ್ತು ವರ್ಷಗಳಲ್ಲಿ ಆರು ಸಲ ಬಣ್ಣದಲ್ಲಿ ಬಿಡಿಸಿದ. ಹೊರಗೆ ಕೂತವರಲ್ಲೂ ಎಷ್ಟು ಬಗೆ!

ಅವಳು ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು ತೋರಿಸಿದಳು. ಆ ರಾತ್ರಿ ತಮ್ಮ ಬಡಬಡಿಸಿದ್ದನ್ನೆಲ್ಲ ಬರೆದುಕೊಂಡಿದ್ದಳು. ‘ಅಕ್ಕಾ, ದಿಂಬು ಯಾಕೆ ಊದ್ತಾ ಇದೆ?’ ‘ಬಾಗಿಲು ವಾಪಸ್ ಕರಿ.’ ‘ಫ್ಯಾನ್ ಹಾಕಿದ್ಯಾರು, ಚಳಿ.’ ಅದರ ಕೆಳಗೆ ಅವಳದೇ ಒಂದು ಸಾಲು: ‘ಫ್ಯಾನ್ ಹಾಕಿರಲಿಲ್ಲ.’

ನನ್ನ ಮುನ್ನುಡಿ ಕಸದಬುಟ್ಟಿಗೆ ಹೋಯಿತು. ಗೋಡೆಯ ನಡುವೆ ನೀಲಿ ಚಿತ್ರ ಹಾಕಿ, ಪಕ್ಕದಲ್ಲಿ ಆ ಪುಟವನ್ನು ಹಾಗೇ ಅಂಟಿಸಿದೆವು. ತಮ್ಮನ ಹೆಸರೂ ಹಾಕೋಣ್ವಾ ಅಂತ ಕೇಳಿದ್ದಕ್ಕೆ ಅವಳು ಮನೆಗೆ ಹೋಗಿ ಕೇಳಿಕೊಂಡು ಬಂದಳು. ಬೇಡವಂತೆ. ತಾನು ಅಂಥದ್ದೇನೂ ಹೇಳೇ ಇಲ್ಲ, ಎಲ್ಲ ಅಕ್ಕನೇ ಕಟ್ಟಿದ್ದು ಅಂದನಂತೆ.