ಆ ದನಿ ಬರಲು ಯಾವ ಸಾಫ್ಟ್‌ವೇರ್ ಹಾಕಬೇಕು?

ನಾನು ಚಿಪ್‌ಟ್ಯೂನ್ (ಹಳೆಯ ಗೇಮ್ ಯಂತ್ರಗಳ ಧ್ವನಿ ಚಿಪ್ಪಿನ ಸಂಗೀತ) ಕಟ್ಟುತ್ತೇನೆ ಎಂದು ತಿಳಿದ ಕೂಡಲೇ ಬಹುತೇಕರು ಕೇಳುವುದು ಒಂದೇ: ‘ಹಳೆಯ ವಿಡಿಯೋ ಗೇಮಿನ ಆ ದನಿ ಬರಬೇಕಾದರೆ ಯಾವ ಸಾಫ್ಟ್‌ವೇರ್ ಹಾಕಬೇಕು?’ ಹೀಗೆ ಕೇಳುವವರ ಬಳಿ ಸಾಮಾನ್ಯವಾಗಿ ಆಗಲೇ ಒಂದು ಪ್ಲಗಿನ್ (ಸಂಗೀತ ತಂತ್ರಾಂಶಕ್ಕೆ ಜೋಡಿಸುವ ವಾದ್ಯ) ಇರುತ್ತದೆ. ಅದರಲ್ಲಿ ಚೌಕ ತರಂಗದ ದನಿಯನ್ನು ಆರಿಸಿಕೊಂಡು, ಆರು ಸ್ವರಗಳನ್ನು ಒಟ್ಟಿಗೆ ಒತ್ತಿ, ಮೇಲಿಷ್ಟು ರಿವರ್ಬ್ (ಸಭಾಂಗಣದ ಅನುರಣನದಂಥ ಪರಿಣಾಮ) ಸುರಿದಿರುತ್ತಾರೆ. ದನಿ ಕೀರಲಾಗಿಯೇನೋ ಬಂದಿದೆ, ಆದರೂ ಗೇಮಿನ ಸಂಗೀತದಂತಿಲ್ಲ ಎಂಬುದು ಅವರ ದೂರು. ದೂರು ನಿಜವೇ.

ಸಾಫ್ಟ್‌ವೇರಿನ ಹೆಸರು ಆಮೇಲೆ ಹೇಳುತ್ತೇನೆ. ನನ್ನ ಪ್ರಕಾರ ಆ ಸಂಗೀತದ ಗುರುತು ತರಂಗದ ಆಕಾರಕ್ಕಿಂತ ಹೆಚ್ಚಾಗಿ ಹಂಚಿಕೆಯಲ್ಲಿದೆ. ಚಿಪ್ಪಿನಲ್ಲಿ ಇರುವ ನಾಲ್ಕೈದು ಚಾನೆಲ್‌ಗಳಲ್ಲಿ, ಅಂದರೆ ಒಂದು ಹೊತ್ತಿಗೆ ಒಂದೇ ದನಿ ನುಡಿಸುವ ಎಳೆಗಳಲ್ಲಿ, ಯಾವುದಕ್ಕೆ ಯಾವ ಕೆಲಸ ಕೊಡುವುದು, ಯಾವುದನ್ನು ಯಾವಾಗ ಸುಮ್ಮನಿರಿಸುವುದು ಎಂಬ ಲೆಕ್ಕಾಚಾರವೇ ಕಿವಿಗೆ ‘ಹಳೆಯ ಗೇಮ್’ ಎಂದು ಕೇಳಿಸುವುದು.

ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಅನ್ನೇ ತೆಗೆದುಕೊಳ್ಳಿ. ಹೊರದೇಶಗಳಲ್ಲಿ ಎನ್‌ಇಎಸ್ ಎಂದು ಮಾರಾಟವಾದ ಯಂತ್ರ ಇದೇ. ಅದರ 2ಎ03 ಚಿಪ್ಪಿನಲ್ಲಿ ಐದು ಚಾನೆಲ್‌ಗಳಿವೆ: ಎರಡು ಪಲ್ಸ್ (ಚೌಕ ತರಂಗದ ಬಗೆ), ಒಂದು ತ್ರಿಕೋನ ತರಂಗ, ಒಂದು ನಾಯ್ಸ್ (ಶ್ರುತಿಯಿಲ್ಲದ ಬರಿ ಗದ್ದಲ), ಮತ್ತು ಧ್ವನಿಮುದ್ರಿತ ತುಣುಕುಗಳನ್ನು ನುಡಿಸುವ ಇನ್ನೊಂದು. ಈ ಕೊನೆಯದು ಕಾರ್ಟ್ರಿಜ್‌ನಲ್ಲಿ ಜಾಗ ತಿನ್ನುತ್ತಿದ್ದುದರಿಂದ ಎಷ್ಟೋ ಗೇಮ್‌ಗಳು ಅದರ ಗೋಜಿಗೇ ಹೋಗಲಿಲ್ಲ. ಪಲ್ಸ್ ಚಾನೆಲ್‌ಗೆ ನಾಲ್ಕು ಅಗಲಗಳಿವೆ (ತರಂಗದ ಒಂದು ಸುತ್ತಿನಲ್ಲಿ ಅದು ಮೇಲಿರುವ ಪಾಲು): ಶೇ 12.5, 25, 50, 75. ಇವುಗಳಲ್ಲಿ 25 ಮತ್ತು 75 ಕಿವಿಗೆ ಒಂದೇ, ಹಾಗಾಗಿ ನಿಜಕ್ಕೂ ಸಿಗುವುದು ಮೂರು ಬಣ್ಣಗಳು. 12.5ರದು ತೆಳ್ಳಗಿನ, ಮೂಗಿನಿಂದ ಬಂದಂಥ ದನಿ. 50ರದು ದುಂಡಗಿನ, ಟೊಳ್ಳು ದನಿ. ಧ್ವನಿಮಟ್ಟಕ್ಕೆ ಸೊನ್ನೆಯಿಂದ 15ರವರೆಗೆ ಹದಿನಾರೇ ಮೆಟ್ಟಿಲು.

ನನಗೆ ಅತಿ ಪ್ರಿಯವಾದದ್ದು ತ್ರಿಕೋನ. ಅದಕ್ಕೆ ಧ್ವನಿಮಟ್ಟದ ನಿಯಂತ್ರಣವೇ ಇಲ್ಲ: ನುಡಿದರೆ ಪೂರ್ತಿ, ಇಲ್ಲವಾದರೆ ಮೌನ. ಹೆಸರಿಗೆ ತ್ರಿಕೋನವಾದರೂ ಅದು 32 ಮೆಟ್ಟಿಲುಗಳ ಏರಿಳಿತ. ಕೆಳಗಿನ ಸ್ಥಾಯಿಯಲ್ಲಿ ಕೇಳುವ ಆ ಸಣ್ಣ ಗುಂಯ್‌ಗುಡುವಿಕೆ ಆ ಮೆಟ್ಟಿಲುಗಳದ್ದೇ. ಪಲ್ಸ್‌ಗಿಂತ ಒಂದು ಸ್ಥಾಯಿ ಕೆಳಕ್ಕೆ ಇಳಿಯಬಲ್ಲದಾದ್ದರಿಂದ ಬೇಸ್ ಸಾಮಾನ್ಯವಾಗಿ ಇದರ ಪಾಲು. ಸ್ವರ ಮೆಲ್ಲನೆ ಕರಗುವಂತೆ ಮಾಡಲು ಬರುವುದಿಲ್ಲ, ಆದ್ದರಿಂದ ಬೇಸಿನ ಭಾವವೆಲ್ಲ ಸ್ವರವನ್ನು ಎಲ್ಲಿ ಕತ್ತರಿಸುತ್ತೇವೆ ಎಂಬುದರಲ್ಲೇ ಬರಬೇಕು. ಸ್ವಲ್ಪ ಬೇಗ ಕತ್ತರಿಸಿದರೆ ನಡೆ ಚುರುಕಾಗುತ್ತದೆ, ತಡವಾಗಿ ಕತ್ತರಿಸಿದರೆ ಭಾರವಾಗುತ್ತದೆ. ಇದೇ ಚಾನೆಲ್ ಡ್ರಮ್ಮನ್ನೂ ನುಡಿಸುತ್ತದೆ: ಎತ್ತರದ ಸ್ವರದಲ್ಲಿ ಶುರುಮಾಡಿ ಮೂರು ನಾಲ್ಕು ಫ್ರೇಮ್‌ಗಳಲ್ಲಿ ಪಾತಾಳಕ್ಕೆ ಇಳಿಸಿದರೆ ‘ಧಡ್’ ಎನ್ನುತ್ತದೆ. ಮರುಕ್ಷಣ ಮತ್ತೆ ಬೇಸ್. ಒಬ್ಬನೇ ನಟ ತೆರೆಮರೆಯಲ್ಲಿ ಪೇಟ ಬದಲಿಸಿಕೊಂಡು ರಾಜನೂ ಸೇವಕನೂ ಆದ ಹಾಗೆ. ಕೇಳುಗರಿಗೆ ಇಬ್ಬರಿದ್ದಾರೆಂದೇ ಅನ್ನಿಸುತ್ತದೆ.

ಫ್ರೇಮ್ ಎಂದೆ. ಇಲ್ಲಿ ಕಾಲದ ಅಳತೆ ಅದೇ. ಟಿವಿಯ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗುತ್ತದೆ (ಯುರೋಪಿನ ಯಂತ್ರಗಳಲ್ಲಿ 50). ಹೆಚ್ಚಿನ ಗೇಮ್‌ಗಳಲ್ಲಿ ಸಂಗೀತವೂ ಅದೇ ತಾಳಕ್ಕೆ ಹೆಜ್ಜೆ ಹಾಕುತ್ತದೆ. ಮೂರು ಸ್ವರಗಳ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬೇಕು, ಇರುವುದು ಒಂದೇ ಪಲ್ಸ್ ಎಂದಾಗ ಈ ಫ್ರೇಮ್ ಕೈಹಿಡಿಯುತ್ತದೆ. ಟ್ರ್ಯಾಕರಿನಲ್ಲಿ (ಸ್ವರಗಳನ್ನು ಸಾಲುಸಾಲಾಗಿ ಬರೆದು ಸಂಗೀತ ಕಟ್ಟುವ ಸಾಫ್ಟ್‌ವೇರ್) ಸ್ವರದ ಪಕ್ಕ 047 ಎಂದು ಬರೆದರೆ ಮೊದಲ ಫ್ರೇಮಿನಲ್ಲಿ ಮೂಲಸ್ವರ, ಎರಡನೆಯದರಲ್ಲಿ ಅದರಿಂದ ನಾಲ್ಕು ಮನೆ ಮೇಲಿನದು, ಮೂರನೆಯದರಲ್ಲಿ ಏಳು ಮನೆ ಮೇಲಿನದು. ನಮ್ಮ ಲೆಕ್ಕದಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ. ಈ ಸುತ್ತು ಸೆಕೆಂಡಿಗೆ 20 ಸಲ ತಿರುಗುತ್ತದೆ, ಕಿವಿ ಮೂರನ್ನೂ ಬೆಸೆದುಕೊಂಡು ಗುಳುಗುಳು ಎನ್ನುವ ಒಂದು ಕಾರ್ಡನ್ನು ಕೇಳುತ್ತದೆ. 037 ಎಂದು ಬರೆದರೆ ಸಾಧಾರಣ ಗಾಂಧಾರ ಬಂದು ಮುಖಭಾವ ಬಾಡುತ್ತದೆ. ಪ್ಲಗಿನ್‌ನಲ್ಲಿ ಆರು ಬೆರಳಿನಿಂದ ಒತ್ತಿದ ಕಾರ್ಡಿಗೆ ಈ ಗುಳುಗುಳು ಎಲ್ಲಿಂದ ಬರಬೇಕು?

ವೇಗವೂ ಫ್ರೇಮಿನ ಋಣದಲ್ಲೇ ಇದೆ. ಟ್ರ್ಯಾಕರಿನಲ್ಲಿ ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ (ಎಡದಿಂದ ಬಲಕ್ಕೆ ಓದಿ ಅಭ್ಯಾಸವಾದವರಿಗೆ ಕೆಲವು ದಿನ ಕತ್ತು ನೋಯುತ್ತದೆ). ಒಂದು ಸಾಲಿಗೆ ಆರು ಫ್ರೇಮ್, ನಾಲ್ಕು ಸಾಲಿಗೆ ಒಂದು ಬೀಟ್ ಎಂದಿಟ್ಟರೆ ನಿಮಿಷಕ್ಕೆ 150 ಬೀಟ್. ಐದು ಫ್ರೇಮ್ ಆದರೆ ಒಮ್ಮೆಲೇ 180. ನಡುವಿನ ವೇಗ ಬೇಕಾದರೆ ಒಂದು ಸಾಲಿಗೆ ಆರು, ಮುಂದಿನದಕ್ಕೆ ಐದು ಎಂದು ಬದಲಾಯಿಸುತ್ತ ಹೋಗಬೇಕು. ಆಗ ಲಯದಲ್ಲಿ ಒಂದು ಸಣ್ಣ ಓಲಾಟ ಸೇರಿಕೊಳ್ಳುತ್ತದೆ. ನನಗಂತೂ ಅದೇ ಇಷ್ಟ.

ಇನ್ನು ರಿವರ್ಬ್. ಚಿಪ್ಪಿನಲ್ಲಿ ಅದಿಲ್ಲ. ಮೊದಲ ಪಲ್ಸ್ ಹಾಡಿದ್ದನ್ನೇ ಎರಡನೆಯದು ಮೂರು ಸಾಲು ತಡವಾಗಿ, ಮಟ್ಟ 12ರ ಬದಲು 4ರಲ್ಲಿ ಹಾಡಿದರೆ ಪ್ರತಿಧ್ವನಿ ಸಿದ್ಧ. ಎರಡನೆಯದರ ಶ್ರುತಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರೆ ದನಿ ಇನ್ನೂ ಅಗಲವಾಗುತ್ತದೆ. ಆದರೆ ಇದಕ್ಕೆ ಒಂದು ಇಡೀ ಚಾನೆಲ್ ತೆರಬೇಕು. ಅಷ್ಟು ಸಿರಿವಂತಿಕೆ ಇಲ್ಲದಾಗ ಮೊದಲ ಪಲ್ಸ್‌ನ ಸ್ವರಗಳ ನಡುವಿನ ಖಾಲಿ ಸಾಲುಗಳಲ್ಲೇ ಹಿಂದಿನ ಸ್ವರವನ್ನು ಮೆಲ್ಲಗೆ ತುರುಕುತ್ತೇನೆ. ಮಾಧುರ್ಯಕ್ಕೆ ಬಿಡುವು ಕೊಟ್ಟು ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಇದರಿಂದಲೇ.

ಗೇಮಿನೊಳಗೆ ಇನ್ನೊಂದು ಕಾಟವಿದೆ. ಆಟಗಾರ ನೆಗೆದಾಗ, ನಾಣ್ಯ ಹಿಡಿದಾಗ ಬರುವ ಸದ್ದಿಗೂ ಇದೇ ಚಾನೆಲ್‌ಗಳು ಬೇಕು. ಸದ್ದು ಬಂದಷ್ಟು ಹೊತ್ತು ಸಂಗೀತದ ಒಂದು ಎಳೆ ಮಾಯ. ಹಳೆಯ ಗೇಮ್‌ಗಳನ್ನು ಗಮನವಿಟ್ಟು ಕೇಳಿದರೆ ಈ ಕಳವು ಸ್ಪಷ್ಟವಾಗಿ ಸಿಕ್ಕಿಬೀಳುತ್ತದೆ. ಆದ್ದರಿಂದ ಯಾವ ಎಳೆ ಕಳೆದರೂ ಹಾಡು ಕುಸಿಯದಂತೆ ಕಟ್ಟಬೇಕು. ಗೇಮಿಗಾಗಿ ಬರೆಯದಿದ್ದರೂ ಒಂದೊಂದೇ ಚಾನೆಲ್ ಮುಚ್ಚಿ ಕೇಳಿ ನೋಡುವುದನ್ನು ನಾನು ಬಿಟ್ಟಿಲ್ಲ.

ಬೇರೆ ಯಂತ್ರಗಳ ಬಡತನ ಬೇರೆ ಬಗೆಯದು. 1982ರ ಕಮೊಡೋರ್ 64 ಕಂಪ್ಯೂಟರಿನಲ್ಲಿ ಮೂರೇ ದನಿ, ಆದರೆ ಅದರ ಸಿಡ್ ಎಂಬ ಧ್ವನಿ ಚಿಪ್ಪಿನಲ್ಲಿ ದನಿಯ ಬಣ್ಣ ತಿದ್ದುವ ಸೊಗಸಾದ ಫಿಲ್ಟರ್. 1989ರ ಗೇಮ್ ಬಾಯ್‌ನಲ್ಲಿ ನಾಲ್ಕು ಚಾನೆಲ್. ಒಂದರ ತರಂಗವನ್ನು 32 ಬಿಂದುಗಳಲ್ಲಿ ನಾವೇ ಬಿಡಿಸಬಹುದು.

ಸರಿ, ಸಾಫ್ಟ್‌ವೇರ್. ಫರ್ನೇಸ್ ಎಂಬ ಟ್ರ್ಯಾಕರ್ ಉಚಿತ, ಮುಕ್ತ ತಂತ್ರಾಂಶ. ಈ ಮೂರೂ ಯಂತ್ರಗಳ ಚಿಪ್ಪುಗಳು ಅದರಲ್ಲಿವೆ, ಚಿಪ್ಪಿಗೆ ಆಗದ್ದನ್ನು ಅದು ಮಾಡಗೊಡುವುದೂ ಇಲ್ಲ. ಎನ್‌ಇಎಸ್ ಮಾತ್ರ ಸಾಕೆಂದರೆ ಫ್ಯಾಮಿಟ್ರ್ಯಾಕರ್ ಇದೆ. ಪ್ಲಗಿನ್ ಇಟ್ಟುಕೊಂಡೇ ಮುಂದುವರಿಯುವವರೊಂದಿಗೆ ನನಗೆ ಜಗಳವಿಲ್ಲ. ಒಂದು ಟ್ರ್ಯಾಕಿಗೆ ಒಂದೇ ಸ್ವರ, ಒಟ್ಟು ನಾಲ್ಕೇ ಟ್ರ್ಯಾಕ್ ಎಂದು ತಾವೇ ಬೇಲಿ ಹಾಕಿಕೊಂಡರೆ ಅರ್ಧ ದಾರಿ ಸವೆದಂತೆ. ಹೊಸಬರು ಒಂದು ಪಲ್ಸ್ ಮತ್ತು ತ್ರಿಕೋನ ಎರಡರಲ್ಲೇ ಹಾಡನ್ನು ಮುಗಿಸಿ, ಆಮೇಲೆ ನಾಯ್ಸ್ ಸೇರಿಸಲಿ. ಎರಡನೆಯ ಪಲ್ಸ್‌ಗೆ ಕೈಹಾಕುವುದು ಅದಾದ ಮೇಲೆ.