ಅಂಬಾಸಿಡರ್ ಮ್ಯಾನಿಫೋಲ್ಡ್‌ಗೆ ಪೇಸ್ಟ್ ಮೆತ್ತಬೇಡಿ

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ-ಪೆಟ್ರೋಲ್ ಒಳಗೆ ತರುವ ಇನ್‌ಟೇಕ್, ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್ (ಕವಲು ಪೈಪು) ಒಂದೇ ಕಡೆ, ಒಂದೇ ಪ್ಯಾಕಿಂಗ್ (ಗ್ಯಾಸ್ಕೆಟ್) ಮೇಲೆ ಕೂರುತ್ತವೆ. ಒಂದು ತಣ್ಣಗೆ, ಇನ್ನೊಂದು ಕಾದ ಹೆಂಚು. ಅಲ್ಲಿನ ಸಂದಿಯಿಂದ ಗಾಳಿ ಎಳೆಯೋದು ಈ ಎಂಜಿನ್‌ನ ಹಳೇ ಕಾಯಿಲೆ.

ನಮ್ಮ ಗಾಡಿಯ ಎಂಜಿನ್ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ, ಒಂದೇ ಸಮ ಓಡುತ್ತಿರಲಿಲ್ಲ. ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಅಷ್ಟೇ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಜಾಯಿಂಟ್ ಮೇಲೆ ಆಯಿಲ್ ಕ್ಯಾನಿನಿಂದ ಒಂದೆರಡು ಹನಿ ಬಿಟ್ಟೆ. ಹಿಂಭಾಗದ ಇನ್‌ಟೇಕ್ ಪೋರ್ಟ್ (ಎಂಜಿನ್ ಒಳಗೆ ಹೋಗುವ ರಂಧ್ರ) ಹತ್ತಿರ ಆಯಿಲ್ ಸರ್ರನೆ ಒಳಗೆ ಹೋಯಿತು, ಎಂಜಿನ್ ಸದ್ದೇ ಬದಲಾಯಿತು.

ಬಿಚ್ಚಿದರೆ, ಹಿಂದೆ ಯಾರೋ ಮೆತ್ತಿದ್ದ ಸಿಲಿಕಾನ್ ಪೇಸ್ಟ್ ಪೆಟ್ರೋಲ್ ತಾಗಿ ಉಬ್ಬಿ, ರಬ್ಬರ್ ಚೂರಿನ ಹಾಗೆ ಪೋರ್ಟ್ ಒಳಗೆ ನೇತಾಡುತ್ತಿತ್ತು. ಕಳಚಿಕೊಂಡರೆ ಸೀದಾ ವಾಲ್ವ್‌ಗೇ. ದಯವಿಟ್ಟು ಇಲ್ಲಿ ಪೇಸ್ಟ್ ಬೇಡ.

ನಿಜವಾದ ಕೆಲಸ ಇರೋದು ಫ್ಲಾಂಜ್‌ನಲ್ಲಿ, ಅಂದರೆ ಮ್ಯಾನಿಫೋಲ್ಡ್ ಎಂಜಿನ್‌ಗೆ ಕೂರುವ ಚಪ್ಪಟೆ ಅಂಚಿನಲ್ಲಿ. ಪೋರ್ಟ್‌ಗಳಿಗೆ ಬಟ್ಟೆ ತುರುಕಿ ಹಳೇ ಪ್ಯಾಕಿಂಗ್ ಕೆರೆದು, ಎರಡೂ ಮ್ಯಾನಿಫೋಲ್ಡ್ ಜೋಡಿಸಿ, ಸ್ಟೀಲ್ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ನೋಡಬೇಕು. ಒಂದೇ ದಪ್ಪ ವಾಷರ್ ಎರಡೂ ಫ್ಲಾಂಜನ್ನು ಒತ್ತಿ ಹಿಡಿಯುತ್ತದೆ. ಒಂದು ತೆಳ್ಳಗಿದ್ದರೆ, ನಟ್ ಎಷ್ಟೇ ಬಿಗಿದರೂ ಅದು ಸಡಿಲವೇ. ನಮ್ಮದರಲ್ಲಿ ಇನ್‌ಟೇಕ್ ತೆಳ್ಳಗಿತ್ತು. ವಾಷರ್ ಕೂರುವ ಜಾಗದಲ್ಲಿ ಎಕ್ಸಾಸ್ಟ್ ಫ್ಲಾಂಜಿಗೆ ಅರ ಹಾಕಿ ಸಮ ಮಾಡಿದೆ.

ಹೊಸ ಪ್ಯಾಕಿಂಗನ್ನು ಏನೂ ಸವರದೆ ಹಾಕಿ, ನಟ್‌ಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಎಂಜಿನ್ ಒಮ್ಮೆ ಚೆನ್ನಾಗಿ ಕಾದು ಪೂರ್ತಿ ಆರಿದ ಮೇಲೆ ಮತ್ತೆ ಸ್ಪ್ಯಾನರ್ ಹಾಕಲೇಬೇಕು. ಗ್ಯಾರೇಜಿನಲ್ಲಿ ಇದನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ, ಕೇಳಿ ಮಾಡಿಸಿಕೊಳ್ಳಿ.