ತೂಬು ಇಳಿಸಿದ್ದೀಯಾ?

ನಮ್ಮದು ಮಂಡ್ಯ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಊರು. ನೀರು ಬಿಟ್ಟಿದ್ದಾರಂತೆ ಅಂತ ಯಾರಾದರೂ ಹೇಳಿದರೆ ಸಾಕು, ತಾತ ಉಣ್ಣೋದು ಬಿಟ್ಟು ಗದ್ದೆಗೆ ಓಡುತ್ತಿದ್ದರು. ನಾಲೆ ಅಂದರೆ ನನಗೆ ಭತ್ತ, ನೀರಿನ ಸರದಿ, ನೀರು ಹಂಚೋ ನೀರುಗಂಟಿ. ಅದರ ಮೇಲೆ ಜನ ಮನೆ ಮಾಡಿಕೊಂಡು ದೋಣಿ ಓಡಿಸೋದನ್ನು ನೋಡಿದ್ದು ಇಂಗ್ಲೆಂಡಿನಲ್ಲಿ.

ಅಕ್ಕ ಭಾವ ಬ್ರಿಸ್ಟಲ್‌ನಲ್ಲಿದ್ದಾರೆ. ನಾನು ಹೋಗಿದ್ದಾಗ ಮೂರು ದಿನಕ್ಕೆ ಒಂದು ನ್ಯಾರೋಬೋಟ್ ಬಾಡಿಗೆಗೆ ತಗೊಂಡೆವು. 60 ಅಡಿ ಉದ್ದ, 7 ಅಡಿಗಿಂತ ಒಂಚೂರು ಕಡಿಮೆ ಅಗಲ. ನಮ್ಮ ಕೆಂಪು ಬಸ್ಸಿಗಿಂತ ಉದ್ದ, ಆದರೆ ಅದಕ್ಕಿಂತ ಕಿರಿದು. ಬ್ರಾಡ್‌ಫರ್ಡ್ ಆನ್ ಏವನ್ ಅನ್ನೋ ಊರಿಂದ ಹೊರಟು, ಕೆನೆಟ್ ಆಂಡ್ ಏವನ್ ಕಾಲುವೆಯಲ್ಲಿ ಬಾತ್ ನಗರದವರೆಗೆ ಹೋಗಿ, ಅಲ್ಲಿ ಏವನ್ ನದಿಗೆ ಇಳಿಯೋದು ನಮ್ಮ ಲೆಕ್ಕ. ಈ ಕಾಲುವೆ ಪೂರ್ತಿಯಾಗಿದ್ದು 1810ರಲ್ಲಿ. ರೈಲು ಬಂದ ಮೇಲೆ ಸೊರಗಿ, ಹೂಳು ತುಂಬಿ, ಬಾಗಿಲುಗಳು ಕೊಳೆತು ಹೋಗಿದ್ದವು. ಅದನ್ನು ಬಿಡದೆ ಹಟ ಹಿಡಿದು ದುಡಿದವರಲ್ಲಿ ಸಂಬಳವಿಲ್ಲದೆ ಬಂದ ಜನರೂ ಬೇಕಾದಷ್ಟಿದ್ದರು. 1990ರಲ್ಲಿ ದಾರಿ ಮತ್ತೆ ತೆರೆಯಿತು.

ಚುಕ್ಕಾಣಿ ಅಭ್ಯಾಸವಾಗೋಕೆ ಅರ್ಧ ದಿನ ಬೇಕಾಯಿತು. ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತೆ, ಅದೂ ತಕ್ಷಣ ಅಲ್ಲ, ಸ್ವಲ್ಪ ಹೊತ್ತು ಬಿಟ್ಟು. ವೇಗ ನಡೆಯೋ ಮನುಷ್ಯನಷ್ಟು. ದಡಕ್ಕೆ ಕಟ್ಟಿರೋ ದೋಣಿಗಳ ಪಕ್ಕ ಬಂದಾಗ ಇನ್ನೂ ನಿಧಾನ, ಇಲ್ಲದಿದ್ದರೆ ಒಳಗಿರೋರ ಟೀ ಲೋಟ ಅಲುಗಾಡುತ್ತೆ.

ದಾರಿಯಲ್ಲಿ ಕ್ಲಾವರ್ಟನ್ ಪಂಪ್ ಮನೆ ಸಿಗುತ್ತೆ. ಅದೃಷ್ಟಕ್ಕೆ ಆ ದಿನ ತೆರೆದಿತ್ತು. 1813ರಲ್ಲಿ ಶುರುವಾದದ್ದು. ಕಾಲುವೆಗೆ ನೀರು ಸಾಲದೆ ಹೋದಾಗ ಕೆಳಗೆ ಹರಿಯೋ ನದಿಯಿಂದಲೇ ಒಂದು ದೊಡ್ಡ ಚಕ್ರ ತಿರುಗಿಸಿ, ಆ ಚಕ್ರದ ಬಲದಿಂದ ಅದೇ ನದಿಯ ನೀರನ್ನು 48 ಅಡಿ ಮೇಲಕ್ಕೆ ಎತ್ತುತ್ತಿದ್ದರಂತೆ. ಸೌದೆ ಇಲ್ಲ, ಕಲ್ಲಿದ್ದಲು ಇಲ್ಲ. ತಾತ ನೋಡಿದ್ದರೆ ಅಲ್ಲೇ ಕೂತುಬಿಡುತ್ತಿದ್ದರು.

ಮೂರನೇ ದಿನಕ್ಕೆ ಹೊತ್ತು ಸಾಲಲ್ಲ ಅಂತ ಎರಡನೇ ದಿನವೇ ಬಾತ್‌ನ ಲಾಕ್‌ಗಳಿಗೆ ಇಳಿದೆವು. ಒಟ್ಟು ಆರು. ಲಾಕ್ ಅಂದರೆ ದೋಣಿಯನ್ನು ಎತ್ತರದ ನೀರಿಂದ ತಗ್ಗಿನ ನೀರಿಗೆ ಇಳಿಸೋಕೆ ಎರಡು ಕಡೆ ಬಾಗಿಲಿರೋ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ತೂಬು ಎತ್ತಿ ನೀರು ಇಳಿಸಬೇಕು. ಅವರು ಅದಕ್ಕೆ ಪ್ಯಾಡಲ್ ಅಂತಾರೆ, ನನ್ನ ಬಾಯಿಗೆ ಬಂದದ್ದು ತೂಬು. ಎತ್ತೋಕೆ ಕೈಯಲ್ಲಿ ಒಂದು ಕಬ್ಬಿಣದ ಹಿಡಿಕೆ. ಆ ಕೆಲಸ ನನ್ನದು, ಚುಕ್ಕಾಣಿ ಭಾವನದು.

ಎರಡನೇ ಲಾಕ್ ದಾಟಿ ಬಾಗಿಲು ಮುಚ್ಚಿದೆ. ಒಂದು ತೂಬು ಅರ್ಧ ಎತ್ತಿದ ಹಾಗೇ ಉಳಿದಿತ್ತು, ನಾನು ನೋಡಲಿಲ್ಲ. ಮೂರನೆಯದರ ಹತ್ತಿರ ಇದ್ದಾಗ ಮೇಲಿಂದ ಕೂಗು ಕೇಳಿಸಿತು. ಹಿಂದೆ ಬಂದ ದೋಣಿಯವರು ಲಾಕ್ ತುಂಬಿಸೋಕೆ ಮೇಲಿನ ತೂಬು ಎತ್ತಿದ್ದಾರೆ, ತುಂಬೋ ನೀರೆಲ್ಲ ನಾನು ಬಿಟ್ಟ ಕಂಡಿಯಿಂದ ಸೀದಾ ಕೆಳಗೆ ಹೋಗ್ತಿದೆ. ಓಡಿ ಹೋಗಿ ನೋಡಿದರೆ ಆ ಲಾಕ್‌ಗೂ ಅದರ ಮೇಲಿನದಕ್ಕೂ ನಡುವಿನ ಕೊಳದ ದಡದಲ್ಲಿ ಕಪ್ಪು ಕೆಸರು ಬಾಯಿ ಬಿಟ್ಟಿತ್ತು. ಲಾಕ್ ನೋಡಿಕೊಳ್ಳೋ ಸ್ವಯಂಸೇವಕರೊಬ್ಬರು, ವಯಸ್ಸಾದವರು, ಆಗಲೇ ತೂಬು ಇಳಿಸುತ್ತಿದ್ದರು. ಬೈಯಲಿಲ್ಲ. ಒಂದು ಸಲ ಲಾಕ್ ತುಂಬೋಕೆ ಎರಡು ಲಕ್ಷ ಲೀಟರಿಗೂ ಜಾಸ್ತಿ ನೀರು ಬೇಕು, ಒಳಗೆ ಒಂದು ದೋಣಿ ಇರಲಿ ಎರಡಿರಲಿ ಖರ್ಚು ಅಷ್ಟೇ, ಅದಕ್ಕೇ ಜೊತೆಗೆ ಇನ್ನೊಂದು ದೋಣಿ ಸಿಕ್ಕರೆ ಕಾಯಿರಿ ಅಂದರು. ನನಗೆ ಮುಖ ಎತ್ತೋಕೆ ಆಗಲಿಲ್ಲ. ಒಂದು ರಾತ್ರಿ ಯಾರೋ ತೂಬು ತೆಗೆದು ಬಿಟ್ಟಿದ್ದಕ್ಕೆ ನಮ್ಮ ಗದ್ದೆ ಸರದಿ ತಪ್ಪಿ, ತಾತ ಬದುವಿನ ಮೇಲೆ ಮಾತಿಲ್ಲದೆ ಕೂತಿದ್ದನ್ನು ನಾನು ಕಣ್ಣಾರೆ ಕಂಡವನು.

ಕೊನೆಗಿಂತ ಮುಂಚಿನದು ಡೀಪ್ ಲಾಕ್, ಸುಮಾರು 6 ಮೀಟರ್ ಆಳ. 1976ರಲ್ಲಿ ಎರಡು ಲಾಕ್ ಸೇರಿಸಿ ಒಂದು ಮಾಡಿದ್ದು. ಅಲ್ಲಿ ಭಾವ ಚುಕ್ಕಾಣಿ ನನ್ನ ಕೈಗೆ ಕೊಟ್ಟರು. ಹಿಂದಿನ ಬಾಗಿಲ ಬುಡದಲ್ಲಿ ಕಲ್ಲಿನ ಕಟ್ಟೆ ಇದೆ, ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಮುಳುಗುತ್ತೆ. ಆ ಕಟ್ಟೆ ಎಲ್ಲಿವರೆಗಿದೆ ಅಂತ ತೋರಿಸೋ ಗೋಡೆಯ ಬಿಳಿ ಗೆರೆಯಿಂದ ಕಣ್ಣು ತೆಗೆಯದೆ ನಿಂತೆ. ನೀರು ಇಳಿದಂತೆ ಸುತ್ತ ಪಾಚಿ ಗೋಡೆ ಎದ್ದು, ಬೆಳಕು ಕಡಿಮೆಯಾಗಿ, ಮೇಲೆ ಅಕ್ಕನ ಮುಖ ಚಿಕ್ಕದಾಗಿ ಕಾಣಿಸಿತು.

ಕೊನೆಯ ಬಾಗಿಲು ತೆರೆದಾಗ ನದಿ. ಎರಡು ದಿನ ನಿಂತ ನೀರಿನ ಮೇಲೆ ಬಂದ ದೋಣಿಗೆ ಸೆಳೆತ ತಗುಲಿ ಮೂತಿ ಒಂದು ಕಡೆಗೆ ವಾಲಿತು, ಇಂಜಿನ್ ಜೋರು ಮಾಡಬೇಕಾಯಿತು. ಬಲಕ್ಕೆ ತಿರುಗಿ ಪುಲ್ಟ್ನಿ ಸೇತುವೆಯ ಕಟ್ಟೆ ಕಾಣೋವರೆಗೆ ಹೋದೆವು. ಮೂರು ಮೆಟ್ಟಿಲಾಗಿ ಬಿಳಿ ನೊರೆ ಸುರೀತಿತ್ತು. ಮಾತಾಡೋಕೆ ಯಾರಿಗೂ ಮನಸ್ಸಾಗಲಿಲ್ಲ.

ಮರುದಿನ ಬೆಳಗ್ಗೆ ವಾಪಸ್ ಹೊರಟು ಕೆಳಗಿನ ಲಾಕ್ ಹತ್ತಿರ ಅರ್ಧ ಗಂಟೆ ಕಾದೆವು. ಇನ್ನೊಂದು ದೋಣಿ ಬಂತು. ಎರಡೂ ಮೈಗೆ ಮೈ ತಾಗಿಸಿಕೊಂಡು ಒಂದೇ ನೀರಿನಲ್ಲಿ ಮೇಲೆ ಹತ್ತಿದವು.

"ತೂಬು ಇಳಿಸಿದ್ದೀಯಾ?" ಅಂತ ಭಾವ ಕೇಳಿದರು.

"ಇಳಿಸಿದೆ ಭಾವ" ಅಂದೆ. ಆದರೂ ವಾಪಸ್ ಹೋಗಿ ನಾಲ್ಕನ್ನೂ ಮುಟ್ಟಿ ನೋಡಿ ಬಂದೆ.